ಅಳಿಯನ ಮಣೆ

ಎದುರಿನ ಫ್ಲ್ಯಾಟಿನಿಂದ ಬೆಳಿಗ್ಗೆಯೇ ಅರಿಶಿನದಕ್ಕಿ ಬೇಯುವ ವಾಸನೆ ಬರುತ್ತಿದೆ. ಅಕ್ಕಿಗೆ ಎಣ್ಣೆ, ಅರಿಶಿನ ಸವರಿ ಎರಡು ದಿನ ಗಂಟಿನಲ್ಲಿ ಕಟ್ಟಿಟ್ಟು, ಆಮೇಲೆ ಬೇಯಲು ಇಟ್ಟಾಗ ಬರುವ ವಾಸನೆಯೇ ಬೇರೆ, ಚಿತ್ರಾನ್ನದ ವಾಸನೆಗೂ ಅದಕ್ಕೂ ಸಂಬಂಧವಿಲ್ಲ. ಆ ಮನೆಯ ಸೊಸೆ ಮೊನ್ನೆ ತವರಿಗೆ ಹೋಗಿ ಬಂದಳು. ತವರಿನವರು ಮಗಳ ಸೆರಗಿಗೆ ಸುರಿಯುವ ಈ ಅಕ್ಕಿಗೆ ಇಲ್ಲಿ ಹೈದರಾಬಾದಿನ ಕಡೆ ಒಡಿಬಿಯ್ಯಂ ಎನ್ನುತ್ತಾರೆ. ಗಂಡನ ಮನೆಗೆ ತಂದು, ಬೇಯಿಸಿ, ನೆರೆಹೊರೆಯವರಿಗೆಲ್ಲ ಉಣ್ಣಿಸಬೇಕು. ಮಧ್ಯಾಹ್ನ ಊಟಕ್ಕೆ ಬನ್ನಿ ಎಂದು ನನಗೂ ಹೇಳಿ ಹೋದಳು. ಹೇಳುವಾಗ ಅವಳ ಮುಖ ನೀವು ನೋಡಬೇಕಿತ್ತು, ಕೂಕಟ್‌ಪಲ್ಲಿಯಲ್ಲಿ ತವರಿರುವ ಹೆಣ್ಣು ತಾನೊಬ್ಬಳೇ ಎನ್ನುವ ಹಾಗೆ. ಮೂರು ವರ್ಷದ ಹಿಂದಾಗಿದ್ದರೆ ಆ ಮುಖ ನೋಡಿದ ಮೇಲೆ ನನಗೆ ಅವರ ಮನೆಯ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಜನ ಹೊಟ್ಟೆಕಿಚ್ಚನ್ನು ಯಾಕೆ ಇಷ್ಟು ಮುಚ್ಚಿಡುತ್ತಾರೋ ನನಗೆ ತಿಳಿಯದು. ತಮಗೆ ಸಕ್ಕರೆ ಕಾಯಿಲೆ ಇದೆ, ಮೂಲವ್ಯಾಧಿ ಇದೆ ಎಂದು ಕೇಳದಿದ್ದರೂ ಬಸ್ಸಿನಲ್ಲಿ ಹೇಳುವವರು, ತಮಗೆ ಹೊಟ್ಟೆಕಿಚ್ಚು ಇದೆ ಎಂದು ಮಾತ್ರ ಬಾಯಿ ಬಿಡುವುದಿಲ್ಲ. ನಾನು ಹೇಳುತ್ತೇನೆ, ನಿಮ್ಮ ಮುಂದೆ ನನಗೇನು ನಾಚಿಕೆ? ನನ್ನ ನೆಗೆಣ್ಣಿ ಶಾರದೆಯನ್ನು ಕಂಡರೆ, ಎಂದರೆ ನನ್ನ ಮೈದುನ ಪ್ರಕಾಶನ ಹೆಂಡತಿಯನ್ನು ಕಂಡರೆ, ನನಗೆ ಹೊಟ್ಟೆ ಉರಿಯುತ್ತದೆ. ಅವಳ ಬಣ್ಣಕ್ಕಲ್ಲ, ಬಂಗಾರಕ್ಕಲ್ಲ, ಅವು ನನಗೂ ಸಾಕಷ್ಟಿವೆ. ಅವಳಿಗೊಂದು ಊರಿದೆ ಎನ್ನುವುದಕ್ಕೆ.

ಅಲ್ಲ, ನನಗೂ ಊರಿದೆ. ಹೈದರಾಬಾದೇ ನನ್ನ ಊರು. ಆದರೆ ಕೋಟಿ ಜನ ತಮ್ಮದೆನ್ನುವ ಊರು ಒಬ್ಬಳಿಗೆ ತವರಾಗಲು ಹೇಗೆ ಸಾಧ್ಯ, ಹೇಳಿ. ನಾನು ಹುಟ್ಟಿ ಬೆಳೆದದ್ದು ಕಾಚಿಗೂಡ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ. ಅಪ್ಪ ರೈಲ್ವೆಯಲ್ಲಿ ಗುಮಾಸ್ತ. ನಡುವೆ ಅಂಗಳ, ಸುತ್ತ ಬಾಡಿಗೆಯ ಮನೆಗಳು, ಅದರಲ್ಲಿ ಎರಡು ಕೋಣೆ ನಮ್ಮದು. ನಾನು ಒಬ್ಬಳೇ ಮಗಳು, ಅಣ್ಣನೂ ಇಲ್ಲ, ತಮ್ಮನೂ ಇಲ್ಲ. ಅಪ್ಪನ ಹಿರಿಯರು ಯಾದಗಿರಿಯ ಕಡೆಯವರಂತೆ, ಅಜ್ಜನ ಕಾಲಕ್ಕೇ ಬೇರು ಕಿತ್ತುಕೊಂಡು ಬಂದವರು, ಅಲ್ಲಿ ಈಗ ನಮ್ಮನ್ನು ಗುರುತಿಸುವ ನಾಯಿಯೂ ಇಲ್ಲ. ಅಪ್ಪ ಹೋದರು, ಅವ್ವ ಹೋದಳು, ಆ ಅಂಗಳದ ಮನೆಯನ್ನು ಕೆಡವಿ ಲಾಡ್ಜ್ ಕಟ್ಟಿದರು. ನಾನು ಒಮ್ಮೆ ಆ ಕಡೆ ಹೋದಾಗ ಬಾಗಿಲಲ್ಲಿ ನಿಂತು ಒಳಗೆ ಇಣುಕಿದೆ. ಗಲ್ಲಾದ ಹಿಂದೆ ಕೂತವನು, ‘ಸಿಂಗಲ್ ಯಾ ಡಬಲ್?’ ಎಂದು ಕೇಳಿದ. ನನ್ನ ತವರಿನಲ್ಲಿ ಈಗ ಬಿಸಿನೀರು ಬೆಳಗಿನ ಹೊತ್ತು ಮಾತ್ರ ಬರುತ್ತದೆ ಎಂದು ಗೋಡೆಯ ಮೇಲೆ ಬರೆದಿತ್ತು. ಮನೆಗೆ ಬಂದು ನಮ್ಮವರಿಗೆ ಹೇಳಿಕೊಂಡು ನಕ್ಕೆ. ನಗುತ್ತ ನಗುತ್ತ ಅತ್ತೂಬಿಟ್ಟೆ.

ಇಂಥವಳನ್ನು ಕಟ್ಟಿಕೊಂಡ ಮನುಷ್ಯನಿಗೆ ಹಳೆಯ ಊರುಗಳ ಹುಚ್ಚು ಇರಬೇಕೆ? ನಮ್ಮವರಿಗೆ ಆ ಹುಚ್ಚು ಮೊದಲಿನಿಂದಲೂ ಇತ್ತು, ರಿಟೈರ್ ಆದ ಮೇಲೆ ತಲೆಗೇರಿತು. ತಿಂಗಳಿಗೊಂದು ಭಾನುವಾರ ತಮ್ಮನನ್ನು ಕರೆದು ಕಾರು ಹೊರಡಿಸುತ್ತಾರೆ. ಮುಂದೆ ಅಣ್ಣ ತಮ್ಮ, ಹಿಂದೆ ನೆಗೆಣ್ಣಿಯರು, ನಮ್ಮಿಬ್ಬರ ನಡುವೆ ಚಪಾತಿಯ ಡಬ್ಬಿ. ಭುವನಗಿರಿಯ ಬಂಡೆಯ ಕೋಟೆ ನೋಡಿದೆವು, ಮೊಣಕಾಲು ನೋವೆಂದು ನಾನು ಅರ್ಧಕ್ಕೇ ಕೂತೆ. ಮೆದಕ್ ನೋಡಿದೆವು, ಕೊಲನುಪಾಕ ನೋಡಿದೆವು. ಹೆಸರೇ ಕೇಳದ ಎಷ್ಟೋ ಹಳ್ಳಿಗಳನ್ನು ನೋಡಿದೆವು. ತೆಲಂಗಾಣದ ಹಳ್ಳಿಗಳಲ್ಲಿ ಊರ ನಡುವೆ ಒಂದು ದುಂಡನೆಯ ಬುರುಜು ನಿಂತಿರುತ್ತದೆ, ಅದರ ಸಂದಿನಲ್ಲಿ ಒಂದು ಅರಳಿಗಿಡ ಬೆಳೆದಿರುತ್ತದೆ, ಹಳೆಯ ಜಮೀನ್ದಾರ ದೊರೆಗಳ ಕೋಟೆಯಂಥ ಮನೆಯ ಮುರಿದ ಬಾಗಿಲಿಗೆ ಯಾರೋ ಎಮ್ಮೆ ಕಟ್ಟಿರುತ್ತಾರೆ. ಗುಡಿಯ ಹಿಂದೆಯೋ ಕೆರೆಯ ದಂಡೆಗೋ ಒಂದು ಕಲ್ಲು, ಕಲ್ಲಿನ ಮೇಲೆ ಹಳಗನ್ನಡ. ಈ ಕಡೆ ಕನ್ನಡದ ಕಲ್ಲುಗಳು ಎಷ್ಟಿವೆಯೆಂದರೆ ನಮ್ಮವರಿಗೆ ಊಟದ ನೆನಪೇ ಬರುವುದಿಲ್ಲ. ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು, ಕನ್ನಡಕ ಮೇಲೆ ಮಾಡಿ, ‘ಸ್ವಸ್ತಿ’ ಎನ್ನುವುದನ್ನು ಓದಿ, ಮುಂದಿನದು ಓದಲಾಗದೆ, ಮತ್ತೆ ‘ಸ್ವಸ್ತಿ’ ಎಂದು ಓದುತ್ತಾರೆ.

ನಾನು ಅದನ್ನಾದರೂ ಸಹಿಸುತ್ತಿದ್ದೆ. ಶಾರದೆಯನ್ನು ಹೇಗೆ ಸಹಿಸಲಿ? ಅವಳ ತವರು ನಾರಾಯಣಖೇಡದ ಕಡೆಯ ಒಂದು ಹಳ್ಳಿ. ಊರಿನ ಹೆಸರು ನಾನು ನಿಮಗೆ ಹೇಳುವುದಿಲ್ಲ, ಬೇಕೆಂದೇ ಹೇಳುವುದಿಲ್ಲ, ನಾಳೆ ನೀವೂ ಹೋಗಿ ಅಲ್ಲಿ ಕೂತುಬಿಟ್ಟೀರಿ. ಆ ಕಡೆಯವರು ಒಳಗೆ ಕನ್ನಡ, ಬೀದಿಯಲ್ಲಿ ತೆಲುಗು, ಸಂತೆಯಲ್ಲಿ ಹಿಂದಿ ಆಡುವ ಜನ. ಹಾಗಾಗಿ ಯಾವ ಊರಿನಲ್ಲಿ ಕಾರು ನಿಂತರೂ ಶಾರದೆ ಇಳಿದವಳೇ ನಲ್ಲಿಯ ಹತ್ತಿರ ನಿಂತ ಹೆಂಗಸರ ಕಡೆ ನಡೆಯುತ್ತಾಳೆ. ‘ನಿಮ್ಮದು ಯಾವೂರಮ್ಮಾ?’ ಎಂದು ಅವರು ಕೇಳುತ್ತಾರೆ. ಇವಳು ಊರಿನ ಹೆಸರು ಹೇಳುತ್ತಾಳೆ. ಅಷ್ಟೇ. ಅವರಲ್ಲೊಬ್ಬಳ ಅತ್ತೆಯ ತಂಗಿಯನ್ನು ಆ ಊರಿಗೆ ಕೊಟ್ಟಿರುತ್ತಾರೆ, ಇಲ್ಲವೇ ಆ ಊರಿನಿಂದ ಒಬ್ಬ ಸೊಸೆಯನ್ನು ತಂದಿರುತ್ತಾರೆ. ಕಣ್ಣು ಮುಚ್ಚಿ ತೆಗೆಯುವುದರಲ್ಲಿ ಶಾರದೆ ಒಬ್ಬರ ಮನೆಯ ಕಟ್ಟೆಯ ಮೇಲೆ ಕೂತು ಮಜ್ಜಿಗೆ ಕುಡಿಯುತ್ತಿರುತ್ತಾಳೆ.

ಕೊಲನುಪಾಕದಲ್ಲಿ ಏನಾಯಿತು ಕೇಳಿ. ಸೋಮೇಶ್ವರ ಗುಡಿಯ ಆವರಣದಲ್ಲಿ ಕನ್ನಡದ ಕಲ್ಲುಗಳ ಮುಂದೆ ನಿಂತು ನಾನು ಎದೆ ಉಬ್ಬಿಸುತ್ತಿದ್ದೆ. ನಮ್ಮ ಭಾಷೆ, ನಮ್ಮ ಅರಸರು, ಇದೆಲ್ಲ ಒಂದು ಕಾಲಕ್ಕೆ ನಮ್ಮದೇ ಎಂದು ಮೈದುನನಿಗೆ ಹೇಳುತ್ತಿದ್ದೆ. ಅಷ್ಟರಲ್ಲಿ ಶಾರದೆ ಸೆರಗಿನ ತುಂಬ ಸೀತಾಫಲ ಕಟ್ಟಿಕೊಂಡು ಬಂದಳು.

‘ಅಕ್ಕಾರ, ಇಲ್ಲೇ ಹಿಂದಿನ ಓಣ್ಯಾಗ ನಮ್ಮ ಕಾಕಾನ ಬೀಗರ ಮನಿ ಐತ್ರಿ. ಉಂಡು ಹೋಗ್ರಿ ಅನ್ನಾಕತ್ತಾರ’ ಎಂದಳು.

ಅರಸರು ನನ್ನವರು, ಊಟ ಅವಳಿಗೆ. ಹೋದೆವು, ಉಂಡೆವು. ಬಡಿಸುವವರು ಶಾರದೆಗೆ ಕೇಳದೆಯೇ ಬಡಿಸುತ್ತಿದ್ದರು, ನನಗೆ ‘ಇನ್ನೊಂದು ಸ್ವಲ್ಪ?’ ಎಂದು ಕೇಳಿ ಬಡಿಸುತ್ತಿದ್ದರು. ಆ ಕೇಳುವಿಕೆ ಇದೆಯಲ್ಲ, ಅದು ನನ್ನ ಮೈ ಉರಿಸುತ್ತದೆ. ಮನೆಯವಳನ್ನು ಯಾರು ಕೇಳಿ ಬಡಿಸುತ್ತಾರೆ? ಹೊರಡುವಾಗ ಶಾರದೆಯ ಕೈಗೆ ಹುಣಸೆಹಣ್ಣಿನ ಗಂಟು ಬಂತು. ನನಗೆ ಬಂದದ್ದು ನಮಸ್ಕಾರ.

ನಾನೂ ಸುಮ್ಮನಿರುವವಳಲ್ಲ. ಮುಂದಿನ ಸಲ ಮೆದಕ್ಕಿನ ಹತ್ತಿರ ಒಂದು ಹಳ್ಳಿಯಲ್ಲಿ ಶಾರದೆ ಕಾರಿನಿಂದ ಇಳಿಯುವ ಮೊದಲೇ ನಾನು ಇಳಿದೆ. ಕಟ್ಟೆಯ ಮೇಲೆ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕೂತಿದ್ದ ಹೆಂಗಸಿನ ಹತ್ತಿರ ಹೋಗಿ, ಅವಳ ಪಕ್ಕದಲ್ಲೇ ಕೂತು, ಮಕ್ಕಳೆಷ್ಟು, ಸೊಸೆ ಎಲ್ಲಿಯವಳು, ಮನೆಯಲ್ಲಿ ಯಾರ್ಯಾರಿದ್ದಾರೆ ಎಂದು ನನ್ನ ಕೂಕಟ್‌ಪಲ್ಲಿಯ ತೆಲುಗಿನಲ್ಲಿ ವಿಚಾರಿಸಿದೆ. ಅವಳು ತೊಟ್ಟು ಬಿಡಿಸುವುದನ್ನು ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಮೂವತ್ತು ವರ್ಷ ಶಾಲೆಯಲ್ಲಿ ಹಿಂದಿ ಕಲಿಸಿದ ಹೆಂಗಸು ನಾನು, ಪ್ರೀತಿಯಿಂದ ಕೇಳಿದರೂ ಹಾಜರಿ ಕೂಗಿದ ಹಾಗಿರುತ್ತದೆ. ಅವಳು ಒಳಗೆ ಹೋಗಿ ರೇಷನ್ ಕಾರ್ಡ್, ಆಧಾರ್ ಕಾರ್ಡ್ ಎರಡನ್ನೂ ತಂದು ನನ್ನ ಮುಂದೆ ಹಿಡಿದು, ‘ಪಿಂಚಣಿ ಯಾವಾಗ ಬರುತ್ತೆ ಮೇಡಂ?’ ಎಂದು ಹಿಂದಿಯಲ್ಲಿ ಕೇಳಿದಳು. ಪ್ರಕಾಶ ಕಾರಿನ ಬಾನೆಟ್ಟಿನ ಮೇಲೆ ಬಿದ್ದು ಬಿದ್ದು ನಕ್ಕ. ಶಾರದೆ ಮಾತ್ರ ನಗಲಿಲ್ಲ. ‘ಇರ್ಲಿ ಬಿಡ್ರಿ ಅಕ್ಕಾರ, ನಾ ಹೇಳ್ತೀನಿ ಆಕೀಗೆ’ ಎಂದು ಹೋಗಿ ಐದು ನಿಮಿಷದಲ್ಲಿ ಅವಳಿಂದಲೇ ಬೊಗಸೆ ತುಂಬ ಮೆಣಸಿನಕಾಯಿ ತಂದಳು. ಹೊಟ್ಟೆಯ ಉರಿಗೆ ಮೆಣಸಿನಕಾಯಿ ಬೇರೆ.

ಇಷ್ಟಕ್ಕೂ ನನಗೆ ಬೇಕಾಗಿದ್ದುದು ಸೀತಾಫಲವೂ ಅಲ್ಲ, ಹುಣಸೆಹಣ್ಣೂ ಅಲ್ಲ. ಮಾರ್ಕೆಟ್ಟಿನಲ್ಲಿ ಇವು ಸಿಗುವುದಿಲ್ಲವೇ? ‘ಯಾವಾಗ ಬರ್ತೀ?’ ಎಂದು ಕೇಳುವ ಒಂದು ಬಾಗಿಲು ಬೇಕಾಗಿತ್ತು. ನನಗೆ ಮಗನಿದ್ದಾನೆ, ಗಂಡನಿದ್ದಾನೆ, ಅವರಿಗೆಲ್ಲ ನಾನೇ ಬಾಗಿಲು. ನನ್ನನ್ನು ಕಾಯುವ ಬಾಗಿಲು ಒಂದೂ ಇರಲಿಲ್ಲ. ದಸರೆಗೆ, ಪಂಚಮಿಗೆ ಶಾರದೆ ಬ್ಯಾಗ್ ತುಂಬಿಕೊಂಡು ಹೊರಟಾಗ ನಾನು ಅವಳಿಗೆ, ಆರಾಮಾಗಿ ಹೋಗಿ ಬರ್ರಿ ಎಂದು ಬಾಯಲ್ಲಿ ಹೇಳುತ್ತಿದ್ದೆ. ಮನಸ್ಸಿನಲ್ಲಿ, ಬಸ್ಸು ಕೆಟ್ಟು ನಿಲ್ಲಲಿ ಎನ್ನುತ್ತಿದ್ದೆ.

ಹೀಗಿರುವಾಗ ಒಂದು ಭಾನುವಾರ ಶಾರದೆಯೇ ನಮ್ಮವರಿಗೆ, ‘ಭಾವಾರ, ನಮ್ಮೂರಾಗೂ ಕೆರಿ ದಂಡಿಗೆ ಒಂದು ಕಲ್ಲು ಐತ್ರಿ, ಕನ್ನಡದ್ದು’ ಎಂದಳು. ಮುಗಿಯಿತು. ಮುಂದಿನ ವಾರ ಅವಳು ಒಡಿಬಿಯ್ಯಕ್ಕೆ ಹೇಗೂ ತವರಿಗೆ ಹೋಗುವವಳಿದ್ದಳು, ಮೂರು ವರ್ಷಕ್ಕೊಮ್ಮೆ ಅವರಲ್ಲಿ ಮಗಳನ್ನು ಕರೆದು ಸುರಿಯುತ್ತಾರೆ. ಎಲ್ಲರೂ ಕೂಡಿಯೇ ಹೋಗೋಣ ಎಂದು ನಮ್ಮವರು ಕಾರಿಗೆ ಗಾಳಿ ಹೊಡೆಸಿದರು. ಬರುವುದಿಲ್ಲ ಎಂದು ನಾನು ಎರಡು ದಿನ ಹೇಳಿದೆ. ಮೂರನೆಯ ದಿನ ಒಳ್ಳೆಯ ಇಳಕಲ್ ಸೀರೆ ತೆಗೆದು ಇಸ್ತ್ರಿಗೆ ಕೊಟ್ಟೆ.

ಸಂಗಾರೆಡ್ಡಿ ದಾಟಿ, ಜೋಗಿಪೇಟೆ ದಾಟಿ, ಹೊಲಗಳ ನಡುವಿನ ರಸ್ತೆ ಹಿಡಿದು ಹೋದರೆ ಆ ಊರು ಸಿಗುತ್ತದೆ. ನೋಡಬಾರದು ಎಂದು ಹಟ ಹಿಡಿದು ಹೋದರೂ ನೋಡುವ ಹಾಗಿತ್ತು. ಅರ್ಧ ಕುಸಿದ ಬುರುಜು, ಅದರ ನೆರಳಿಗೆ ಹಗ್ಗದ ಮಂಚ ಹಾಕಿಕೊಂಡು ಮಲಗಿದ್ದ ಒಬ್ಬ ಮುದುಕ, ಇಳಿಯಲು ಮೆಟ್ಟಿಲಿದ್ದ ಕಲ್ಲುಕಟ್ಟಡದ ಬಾವಿ. ಶಾರದೆಯ ಮನೆ ಬುರುಜಿನ ಬೆನ್ನಿಗೇ ಇತ್ತು. ತಂದೆ ತೀರಿಕೊಂಡಿದ್ದರು, ತಾಯಿ ಚಂದ್ರಮ್ಮ, ಅಣ್ಣ ಶಿವರಾಜ, ಅವನ ಹೆಂಡತಿ ಮಕ್ಕಳು. ನಾವು ಇಳಿಯುತ್ತಲೇ ಚಂದ್ರಮ್ಮ ಬಾಗಿಲಿಗೆ ಬಂದು ಮಗಳಿಗೆ ಮಾಡಿದ ಮೊದಲ ಕೆಲಸ ಬೈದದ್ದು. ‘ಏನಬೇ ಕತ್ತೆ, ಹಿಂಗ ಒಣಗೀದೀ? ತಿನ್ನಾಕ ಏನ್ ಧಾಡಿ ನಿನಗ?’ ಎಂದಳು. ನನ್ನ ಕಡೆ ತಿರುಗಿ, ‘ಬರ್ರಿ ಯವ್ವಾ, ಕೈಕಾಲು ತೊಳ್ಕೋರಿ’ ಎಂದು ಚೊಂಬು ಕೊಟ್ಟಳು. ಬೈಗುಳಕ್ಕೂ ಹೊಟ್ಟೆಕಿಚ್ಚು ಪಡಬಹುದು ಎಂದು ನನಗೆ ಅವತ್ತೇ ತಿಳಿದದ್ದು.

ಇಲ್ಲಿ ನನ್ನ ಅವ್ವನ ವಿಷಯ ಒಂದಿಷ್ಟು ಹೇಳದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ. ಕಾಚಿಗೂಡದ ಆ ಎರಡು ಕೋಣೆಯಲ್ಲಿ ಅವ್ವ ಯಾವ ಮುತ್ತೈದೆಯನ್ನೂ ಬರಿಗೈಯಲ್ಲಿ ಕಳಿಸಿದವಳಲ್ಲ. ನಮ್ಮಲ್ಲಿ ಉಡಿ ತುಂಬುವುದು ಮಗಳಿಗೆ ಮಾತ್ರ ಎಂದಿಲ್ಲ, ಬಂದವಳು ಯಾರೇ ಆಗಲಿ ಅಕ್ಕಿ, ಕೊಬ್ಬರಿ, ಒಂದು ರವಿಕೆ ಖಣ ಉಡಿಗೆ ಹಾಕುವುದೇ. ರೈಲು ತಪ್ಪಿಸಿಕೊಂಡು ನೀರು ಕೇಳಲು ಬಂದ ಗುರುತಿಲ್ಲದ ಹೆಂಗಸಿಗೂ ಅವ್ವ ಉಡಿ ತುಂಬಿದ್ದನ್ನು ಕಂಡಿದ್ದೇನೆ. ಒಬ್ಬಳನ್ನು ಕೂಡಿಸಿ ಇನ್ನೊಬ್ಬಳನ್ನು ನಿಲ್ಲಿಸಬಾರದೆಂದು ಅವಳು ಯಾವಾಗಲೂ ಎರಡು ಮಣೆ ಹಾಕುತ್ತಿದ್ದಳು, ಬಂದವಳ ಜೊತೆಗೆ ಯಾರಿದ್ದರೂ ಅವಳೂ ಕೂಡಬೇಕು. ಹೈದರಾಬಾದಿನಲ್ಲೇ ಹುಟ್ಟಿದ ನಾನು ಒಡಿಬಿಯ್ಯದ ಊಟವನ್ನು ಎಷ್ಟೋ ಮನೆಗಳಲ್ಲಿ ಉಂಡಿದ್ದೆ. ಅದನ್ನು ಸುರಿಯುವುದನ್ನು ಕಣ್ಣಾರೆ ಕಂಡಿರಲಿಲ್ಲ. ಸುರಿಯುವುದು ತವರೂರಿನಲ್ಲಿ, ಅಲ್ಲಿಗೆ ನನ್ನನ್ನು ಯಾರು ಕರೆಯುತ್ತಾರೆ?

ಗಂಡಸರು ಕಲ್ಲು ನೋಡಲು ಕೆರೆಯ ಕಡೆ ಹೋದರು. ನಾನು ಹಿತ್ತಲಲ್ಲಿ ಕೈಕಾಲು ತೊಳೆದು, ಸೀರೆಯ ನಿರಿಗೆ ಸರಿ ಮಾಡಿಕೊಂಡು ಪಡಸಾಲೆಗೆ ಬಂದೆ. ಓಣಿಯ ಹೆಂಗಸರೆಲ್ಲ ಸೇರಿದ್ದರು. ದೊಡ್ಡ ಪರಾತದಲ್ಲಿ ಅರಿಶಿನದಕ್ಕಿ, ಮೇಲೆ ಕೊಬ್ಬರಿ ಬಟ್ಟಲು, ಉತ್ತತ್ತಿ, ಅಡಿಕೆ, ಅರಿಶಿನದ ಕೊಂಬು. ರಂಗೋಲಿಯ ಮೇಲೆ ಎರಡು ಮಣೆ. ಒಂದರ ಮೇಲೆ ಶಾರದೆ ಹೊಸ ಸೀರೆಯುಟ್ಟು ಕೂತಿದ್ದಳು. ಇನ್ನೊಂದು ಖಾಲಿ. ಆಹಾ, ಎಂಥ ಮನೆತನದವರು, ನನ್ನನ್ನು ಮರೆತಿಲ್ಲ ಎಂದುಕೊಂಡೆ. ಕರೆಯಲಿ ಎಂದು ಕಾಯುವುದೂ ಬಿಂಕವಾದೀತೆಂದು ನಾನಾಗಿಯೇ ಹೋಗಿ ಖಾಲಿ ಮಣೆಯ ಮೇಲೆ ಕೂತೆ. ಕೂತು, ಸೆರಗನ್ನು ಅಗಲ ಮಾಡಿ ಒಡ್ಡಿದೆ.

‘ಅಕ್ಕಾರ…’ ಎಂದಳು ಶಾರದೆ ಮೆಲ್ಲಗೆ.

ಸೆರಗು ಸರಿಯಾಗಿ ಹಿಡಿದಿಲ್ಲವೇನೋ ಎಂದು ಇನ್ನಷ್ಟು ಅಗಲ ಮಾಡಿದೆ.

ಚಂದ್ರಮ್ಮ ಬೊಗಸೆ ತುಂಬ ಅಕ್ಕಿ ಎತ್ತಿಕೊಂಡವಳು ಹಾಗೆಯೇ ನಿಂತಿದ್ದಳು. ಗೋಡೆಗೆ ಒರಗಿ ಕೂತಿದ್ದ ಶಾರದೆಯ ಸೋದರತ್ತೆ, ಹಲ್ಲಿಲ್ಲದ ಮುದುಕಿ, ಕತ್ತು ಮುಂದೆ ಮಾಡಿ, ‘ಯಾರಬೇ ಈಕಿ? ಈಕೀಗೂ ಸುರೀತಿ ಏನ?’ ಎಂದಳು. ಏನೋ ಹೆಚ್ಚುಕಡಿಮೆಯಾಗಿದೆ ಎಂದು ನನಗೆ ಹೊಳೆದದ್ದು ಆಗಲೇ. ಏಳಬೇಕೆಂದರೆ ಮೊಣಕಾಲು ಏಳಲೊಲ್ಲದು. ಇಲ್ಲ, ಮೊಣಕಾಲಿನ ಮೇಲೆ ಯಾಕೆ ಹಾಕಲಿ, ನನ್ನ ಮನಸ್ಸೇ ಏಳಲೊಲ್ಲದು.

ಚಂದ್ರಮ್ಮ ನನ್ನ ಮುಖವನ್ನೇ ನೋಡಿದಳು. ‘ಯವ್ವಾ, ನಿನ್ನ ತವರು ಯಾವೂರು?’ ಎಂದು ಕೇಳಿದಳು.

‘ಕಾಚಿಗೂಡ’ ಎಂದೆ.

‘ಯಾರದಾರ ಅಲ್ಲಿ?’

‘ಯಾರೂ ಇಲ್ರಿ. ಮನಿ ಲಾಡ್ಜ್ ಆಗೈತಿ.’

ಅವಳು ಇನ್ನಷ್ಟು ಹತ್ತಿರ ಬಂದು, ‘ಸೆರಗು ಒಡ್ಡಿದಾಕೀನ ಖಾಲಿ ಎಬ್ಬಸಾಕ ನನ್ನ ಕೈಲೆ ಆಗೂದಿಲ್ಲ. ಹಿಡಿ’ ಎಂದು ಬೊಗಸೆಯ ಅಕ್ಕಿಯನ್ನು ನನ್ನ ಸೆರಗಿಗೆ ಸುರಿದಳು. ಎರಡನೆಯ ಬೊಗಸೆ ಶಾರದೆಗೆ. ಮತ್ತೊಂದು ನನಗೆ, ಮತ್ತೊಂದು ಅವಳಿಗೆ. ಒಬ್ಬ ಮಗಳಿಗೆಂದು ಅಳೆದು ಕಲಸಿದ್ದ ಅಕ್ಕಿ ಅದು, ಇಬ್ಬರ ಸೆರಗಿನಲ್ಲೂ ಅರ್ಧರ್ಧವೇ ಆಯಿತು. ಶಾರದೆ ತನ್ನ ಸೆರಗನ್ನು ನೋಡಿಕೊಂಡಳು, ನನ್ನದನ್ನು ನೋಡಿದಳು. ನನಗೆ ಮಾತ್ರ ಆ ಅಕ್ಕಿಯ ಭಾರ ತೊಡೆಯ ಮೇಲೆ ಎಷ್ಟು ಹಿತವಾಗಿತ್ತೆಂದರೆ, ಯಾರಾದರೂ ಬಂದು ಕಿತ್ತುಕೊಂಡಾರು ಎಂದು ಸೆರಗನ್ನು ಎರಡು ಸುತ್ತು ಬಿಗಿ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡೆ.

ವಿಷಯ ತಿಳಿದದ್ದು ವಾಪಸು ಬರುವಾಗ ಕಾರಿನಲ್ಲಿ. ಪ್ರಕಾಶ ಮುಂದಿನ ಸೀಟಿನಿಂದ ಹಿಂದೆ ತಿರುಗಿ, ‘ಏನ್ರಿ ವೈನಿ, ನನ್ನ ಮಣಿ ಮ್ಯಾಲ ಕುಂತಿದ್ದಿರಂತ?’ ಎಂದು ಕೇಳಿದ. ಎರಡನೆಯ ಮಣೆ ಅಳಿಯನದು! ಅವರಲ್ಲಿ ಮಗಳು, ಅಳಿಯ ಜೊತೆಯಾಗಿ ಕೂಡಬೇಕು. ಇವನು ಕಲ್ಲಿನ ಹತ್ತಿರ ಅಣ್ಣನ ಜೊತೆ ‘ಸ್ವಸ್ತಿ’ ಓದುತ್ತ ತಡಮಾಡಿದ್ದ, ಕರೆಯಲು ಹೋದ ಶಿವರಾಜನೂ ಅಲ್ಲೇ ನಿಂತುಬಿಟ್ಟಿದ್ದ. ನಮ್ಮವರು ಸ್ಟೇರಿಂಗ್ ಹಿಡಿದುಕೊಂಡೇ ನಗಲಾರಂಭಿಸಿದರು, ಕಾರು ಎಮ್ಮೆಗಳ ಕಡೆ ವಾಲಿತು.

‘ಅಷ್ಟ ಅಲ್ರಿ ವೈನಿ’ ಎಂದ ಪ್ರಕಾಶ. ‘ಇದು ನಿಮ್ಮ ಉಡಿ ತುಂಬಿದಂಗ ಅಲ್ಲ. ಈ ಅಕ್ಕಿ ಬಿದ್ದಾಕಿ ಆ ಮನಿ ಮಗಳಾದಂಗ. ಇನ್ನ ಮೂರು ವರ್ಷಕ್ಕೊಮ್ಮಿ ನಿಮ್ಮನ್ನೂ ಕರೀಬೇಕು. ಕಡೀ ಸೀರೀನೂ ಅವರ ತರಬೇಕು.’

ಕಡೆಯ ಸೀರೆ ಯಾವುದೆಂದು ನಿಮಗೆ ಗೊತ್ತು. ಮುತ್ತೈದೆಯಾಗಲಿ ಅಲ್ಲದಿರಲಿ, ಹೆಣ್ಣು ಸತ್ತರೆ ಅವಳ ಮೈಮೇಲೆ ತವರಿನ ಸೀರೆ ಬೀಳಬೇಕು. ನನಗೆ ಅದನ್ನು ಯಾರು ತಂದಾರು ಎಂದು ಎಷ್ಟು ರಾತ್ರಿ ಯೋಚಿಸಿದ್ದೆನೋ, ಅದನ್ನು ನಮ್ಮವರ ಮುಂದೆಯೂ ಬಾಯಿಬಿಟ್ಟು ಹೇಳಿರಲಿಲ್ಲ.

ನಾಚಿಕೆಯಾಯಿತು, ಆಗಲಿಲ್ಲ ಎನ್ನುವುದಿಲ್ಲ. ನೆಲ ಬಿರಿಯಬಾರದೇ ಎನ್ನಿಸಿತು. ಜೋಗಿಪೇಟೆಯವರೆಗೂ ತಲೆ ಎತ್ತಲಿಲ್ಲ. ಆಗ ಶಾರದೆ ಕಿಟಕಿಯ ಕಡೆ ಮುಖ ಮಾಡಿಕೊಂಡೇ, ‘ತಿಳೀದ ಮಾಡ್ಯಾರ, ಬಿಡ್ರಿ. ನಮ್ಮ ಅವ್ವಗ ನಾ ಹೇಳ್ತೀನಿ, ಅದನ್ನ ಲೆಕ್ಕಕ್ಕ ಹಿಡೀಬ್ಯಾಡ ಅಂತ’ ಎಂದಳು. ತಗೊಳ್ಳಿ! ನಾಚಿಕೆ ಎಲ್ಲಿ ಹೋಯಿತೋ, ನೆತ್ತಿಗೆ ಬೆಂಕಿ ಬಿತ್ತು. ಲೆಕ್ಕಕ್ಕೆ ಹಿಡಿಯಬೇಡ ಅನ್ನಲು ಇವಳ್ಯಾರು? ಸುರಿದವಳು ಅವಳ ಅವ್ವ, ಹಿಡಿದವಳು ನಾನು. ‘ಯಾಕ ಹಿಡೀಬಾರದು? ಗೊತ್ತಿದ್ರೂ ನಾ ಅಲ್ಲೇ ಕೂಡತಿದ್ದೆ’ ಎಂದೆ. ಅಕ್ಕಿಯ ಗಂಟು ನನ್ನ ಮಡಿಲಲ್ಲೇ ಇತ್ತು, ಡಿಕ್ಕಿಯಲ್ಲಿಡುತ್ತೇನೆ ಎಂದ ನಮ್ಮವರಿಗೆ ಕೊಡಲಿಲ್ಲ.

ಆ ಅಕ್ಕಿ ಬೇಯಿಸಿ ಇಡೀ ಅಂತಸ್ತಿಗೆ ಉಣ್ಣಿಸಿದೆ. ಶಾರದೆಯನ್ನೂ ಕರೆದೆ, ಬಂದಳು, ಉಂಡಳು, ‘ಉಪ್ಪು ಕಡಿಮಿ ಆಗೈತ್ರಿ’ ಎಂದು ಹೇಳಿ ಹೋದಳು.

ಇದು ಅಲ್ಲಿಗೇ ಮುಗಿಯುತ್ತದೆ ಎಂದು ಅವಳು ಅಂದುಕೊಂಡಿದ್ದಳು. ನಾನೂ ಅಂದುಕೊಂಡಿದ್ದೆ. ಆದರೆ ದೀಪಾವಳಿಗೆ ಚಂದ್ರಮ್ಮನ ಫೋನು ಬಂತು, ಶಾರದೆಗಲ್ಲ, ನನಗೆ. ‘ಮೊಣಕಾಲು ಹೆಂಗದಾವ?’ ಎಂದು ಕೇಳಿದಳು. ನನ್ನ ಮೊಣಕಾಲು ಹೇಗಿವೆ ಎಂದು ಕೇಳಿದವರು ಅದಕ್ಕೂ ಮೊದಲು ಡಾಕ್ಟರು ಮಾತ್ರ. ಆಮೇಲೆ ಶಾರದೆ ತವರಿಗೆ ಹೋಗಿ ಬಂದಾಗಲೆಲ್ಲ ಎರಡು ಗಂಟು ಬರತೊಡಗಿದವು. ಜೋಳದ ಹಿಟ್ಟು, ತೊಗರಿಬೇಳೆ, ಹುಣಸೆಹಣ್ಣು. ಪಾಪ, ದಾರಿಯಲ್ಲೇ ಸಿಗುವ ಲಿಂಗಂಪಲ್ಲಿಯ ತನ್ನ ಮನೆಯಲ್ಲಿ ಇಳಿಯಬೇಕಾದವಳು ನನ್ನ ಪಾಲನ್ನು ಹೊತ್ತುಕೊಂಡು ಕೂಕಟ್‌ಪಲ್ಲಿಯವರೆಗೆ ಬರಬೇಕು. ಬಾಗಿಲಲ್ಲೇ ಗಂಟು ಇಟ್ಟು, ‘ತಗೋರಿ, ನಿಮ್ಮದು’ ಎನ್ನುತ್ತಾಳೆ. ಯಾರ ಗಂಟು ದೊಡ್ಡದು ಎಂದು ನಾವಿಬ್ಬರೂ ಕಣ್ಣಲ್ಲೇ ತೂಗುತ್ತೇವೆ.

ಹಾಗೆಂದು ನನ್ನ ಹೊಟ್ಟೆಕಿಚ್ಚು ಆರಿತೇ? ಎಲ್ಲಿ ಆರೀತು! ಮೊದಲು ಅವಳಿಗೆ ತವರಿದೆಯೆಂದು ಉರಿಯುತ್ತಿದ್ದೆ, ಈಗ ಅದೇ ತವರಿನಲ್ಲಿ ಅವಳು ಆಡಿ ಬೆಳೆದಳಲ್ಲ ಎಂದು ಉರಿಯುತ್ತೇನೆ. ಬುರುಜಿನ ಯಾವ ಕಲ್ಲಿನಿಂದ ಜಾರಿ ಬಿದ್ದು ಅವಳ ಹುಬ್ಬು ಒಡೆಯಿತು, ಬಾವಿಯ ಯಾವ ಮೆಟ್ಟಿಲಲ್ಲಿ ಕೂತು ಅವಳು ಹುಣಸೆಬೀಜ ಆಡಿದಳು, ಅದೆಲ್ಲ ಚಂದ್ರಮ್ಮನಿಗೆ ಬಾಯಿಪಾಠ. ನನ್ನ ಬಗ್ಗೆ ಅವಳಿಗೆ ಗೊತ್ತಿರುವುದು ಮೊಣಕಾಲು ಒಂದೇ. ತಿರುಗಾಟ ಮಾತ್ರ ನಿಂತಿಲ್ಲ. ಈಗ ಯಾವ ಊರಿನಲ್ಲಿ ಕಾರು ನಿಂತರೂ ನಾನೂ ನಲ್ಲಿಯ ಕಡೆಗೇ ಹೋಗುತ್ತೇನೆ. ಕಳೆದ ಚಳಿಗಾಲದಲ್ಲಿ ಒಂದು ಹಳ್ಳಿಯಲ್ಲಿ ನೀರು ತುಂಬುತ್ತಿದ್ದ ಹೆಂಗಸು, ಯಾವೂರು ಎಂದು ಕೇಳಿದಾಗ ನಾವಿಬ್ಬರೂ ಒಂದೇ ಉಸಿರಿಗೆ ಒಂದೇ ಹೆಸರು ಹೇಳಿದೆವು. ‘ಅಕ್ಕತಂಗಿಯರಾ?’ ಎಂದಳು ಅವಳು. ‘ಅಲ್ಲ’ ಎಂದಳು ಶಾರದೆ. ‘ಹೌದು’ ಎಂದೆ ನಾನು. ಆ ಹೆಂಗಸು ಕೊಡ ತುಂಬಿ ಹರಿಯುತ್ತಿದ್ದರೂ ನೋಡದೆ ನಮ್ಮಿಬ್ಬರ ಮುಖ ನೋಡಿದಳು.

ಈಗ ಮೂರನೆಯ ವರ್ಷ ಬಂದಿದೆ. ಹೋದ ವಾರ ಶಿವರಾಜ ಫೋನು ಮಾಡಿ, ‘ಅಕ್ಕಾ, ಮುಂದಿನ ತಿಂಗಳ ಇಬ್ಬರೂ ಬರಬೇಕು. ಈ ಸಲ ನಾಕು ಮಣಿ ಹಾಕ್ತೀವಿ, ಭಾವಂದಿರಿಗೂ ಜಾಗಾ ಬೇಕಲ್ಲ’ ಎಂದು ನಕ್ಕ. ನಕ್ಕು, ‘ಅವ್ವ ಹೇಳ್ಯಾಳ, ಹಿರೇ ಮಗಳಿಗೆ ಮೊದಲ ಸುರೀಬೇಕು ಅಂತ’ ಎಂದ. ಶಾರದೆಗಿಂತ ನಾನು ಆರು ವರ್ಷ ದೊಡ್ಡವಳು.

ನಿನ್ನೆ ಶಾರದೆ ಬಂದಳು. ಚಪ್ಪಲಿ ಬಿಡುವಾಗಲೇ ಅವಳ ಮುಖ ಊದಿತ್ತು. ಚಹಾ ಮಾಡಿದೆ, ಮುಟ್ಟಲಿಲ್ಲ. ಆ ಮಾತು ಈ ಮಾತು ಆಡಿ ಕೊನೆಗೆ, ‘ಅಕ್ಕಾರ, ಒಂದು ಮಾತು. ಅವ್ವ ಮೊದಲ ನಿಮಗ ಸುರೀತೀನಿ ಅನ್ನಾಕತ್ತಾಳ. ನೀವ ಬ್ಯಾಡ ಅಂದುಬಿಡ್ರಿ. ನೀವ ಅಂದ್ರ ಕೇಳ್ತಾಳ’ ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ನನ್ನನ್ನು ಕಂಡು ಒಬ್ಬಳಿಗೆ ಹೊಟ್ಟೆಕಿಚ್ಚು, ಅದೂ ತವರಿನ ಸಲುವಾಗಿ! ಖರೆ ಹೇಳುತ್ತೇನೆ, ಅಷ್ಟು ಸುಖ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಬಿಟ್ಟುಕೊಡಬಹುದಿತ್ತು. ಅದೇನು ದೊಡ್ಡದು, ಒಂದು ಬೊಗಸೆ ಹಿಂದೆ ಮುಂದೆ. ಬಂದ ಅತಿಥಿಯಾಗಿದ್ದರೆ ನಗುತ್ತ, ‘ಅಯ್ಯ, ಮೊದಲ ನಿಮಗ ಸುರೀಲಿ ಬಿಡ್ರಿ’ ಎನ್ನುತ್ತಿದ್ದೆ. ಬಾಯಿಗೆ ಬಂದೂ ಬಂದಿತ್ತು ಆ ಮಾತು. ನುಂಗಿದೆ. ಮಗಳಾದವಳು ಯಾಕೆ ಬಿಡಬೇಕು?

‘ನಾ ಯಾಕ ಬ್ಯಾಡ ಅನ್ನಲಿ? ಹಿರೇ ಮಗಳು ನಾನು’ ಎಂದೆ.

ಶಾರದೆ ಎದ್ದು ನಿಂತಳು. ‘ಎಲ್ಲಿ ಹಿರೇ ಮಗಳು? ಮೊನ್ನಿ ಬಂದು ನನ್ನ ಗಂಡನ ಮಣಿ ಮ್ಯಾಲ ಕುಂತಾಕಿ! ಸೊಕ್ಕು ಬಂದೈತಿ ನಿನಗ!’

‘ಬಂದೈತಿ, ಏನೀಗ? ತವರಿದ್ದಾಕೀಗೆ ಸೊಕ್ಕು ಇರತೈತಿ. ನಿನ್ನ ನೋಡೇ ಕಲತೀನಿ!’

ಪಕ್ಕದ ಕೋಣೆಯಲ್ಲಿದ್ದ ನಮ್ಮವರು ಪೇಪರು ಮಡಿಚಿ ಹೊರಗೆ ಹೋಗಿಬಿಟ್ಟರು. ಮೂವತ್ತು ವರ್ಷ ಒಬ್ಬರಿಗೊಬ್ಬರು ‘ಬರ್ರಿ, ಹೋಗ್ರಿ’ ಎಂದುಕೊಂಡು ಮೆತ್ತಗೆ ಬದುಕಿದ ನೆಗೆಣ್ಣಿಯರು ಜಡೆ ಹಿಡಿಯುವುದೊಂದು ಬಾಕಿ, ಅಷ್ಟು ಕೂಗಾಡಿದೆವು. ಅವಳು ಧಡಾರನೆ ಬಾಗಿಲು ಹಾಕಿಕೊಂಡು ಹೋದಳು. ಹೋದವಳೇ ಮೆಟ್ಟಿಲಲ್ಲಿಯೇ ತವರಿಗೆ ಫೋನು ಹಚ್ಚಿರಬೇಕು, ಯಾಕೆಂದರೆ ನನ್ನ ಉಸಿರು ಹದಕ್ಕೆ ಬರುವ ಮೊದಲೇ ಚಂದ್ರಮ್ಮನ ಫೋನು ಬಂತು.

‘ಏನಬೇ ನಿಮ್ಮದು ಇಬ್ಬರದೂ?’ ಎಂದು ಗದರಿದಳು. ‘ಯಾರು ಮೊದಲ ಬರ್ತೀರಿ, ಅವರಿಗೆ ಮೊದಲ ಸುರೀತೀನಿ. ಇನ್ನೊಂದು ಸಲ ಇದರ ಸುದ್ದಿ ತಗದ್ರ ಇಬ್ಬರಿಗೂ ಇಲ್ಲ.’

ಎದುರು ಮನೆಯ ಊಟಕ್ಕೆ ಇನ್ನೂ ಹೊತ್ತಿದೆ. ಬೆಳಿಗ್ಗೆಯಿಂದ ನಾನು ಅದನ್ನೇ ಲೆಕ್ಕ ಹಾಕುತ್ತಿದ್ದೇನೆ. ಲಿಂಗಂಪಲ್ಲಿಯಿಂದ ಆ ಊರು ನಮಗಿಂತ ಹತ್ತಿರ, ಕಾರ್ಯದ ದಿನ ಬೆಳಿಗ್ಗೆ ಒಟ್ಟಿಗೆ ಹೊರಟರೆ ಗೆಲ್ಲುವವಳು ಅವಳೇ. ಆದರೆ ಕಾರ್ಯದ ದಿನ ಬೆಳಿಗ್ಗೆ ಬರುವವರು ನೆಂಟರು. ಹೆಣ್ಣುಮಕ್ಕಳು ಮೊದಲೇ ಬರುತ್ತಾರೆ, ಅಕ್ಕಿ ಆರಿಸಲು, ಅಂಗಳ ಸಾರಿಸಲು. ಸ್ವಲ್ಪ ಹೊತ್ತಿನ ಮುಂಚೆ ಚಂದ್ರಮ್ಮನಿಗೆ ಫೋನು ಮಾಡಿ, ‘ಅವ್ವಾ, ನಾ ಎಂಟು ದಿನಾ ಮೊದಲ ಬರ್ಲಿ?’ ಎಂದು ಕೇಳಿದೆ.

‘ಕೇಳೂದೇನೈತಿ, ಬಾ’ ಎಂದಳು.

ನೀವು ಮಾತ್ರ ಶಾರದೆಗೆ ಹೇಳಬೇಡಿ.